ಪ್ರತಿಕ್ರಿಯೆ: ಎಲ್-ಬಿಎಫ್‌ಜಿಎಸ್‌ನಲ್ಲಿ ಸ್ಟೆಪ್ ಸೊನ್ನೆಗೆ ಕುಸಿದು ನ್ಯಾನ್ ಬಂದರೆ

ಬೆಂಗಳೂರಿನ ಮನೆ ಬಾಡಿಗೆ ಡೇಟಾ, ಎರಡು ಪದರದ ನ್ಯೂರಲ್ ನೆಟ್, ಅದರ ತೂಕಗಳನ್ನು ಹೊಂದಿಸಲು ನೀವೇ ಬರೆದ ಎಲ್-ಬಿಎಫ್‌ಜಿಎಸ್ (ಹಿಂದಿನ ಕೆಲವು ಹೆಜ್ಜೆಗಳ ನೆನಪಿನಿಂದ ಮುಂದಿನ ದಿಕ್ಕು ಆರಿಸುವ ವಿಧಾನ). ಕೆಲವು ಸುತ್ತಿನ ನಂತರ ಸ್ಟೆಪ್ (ಒಂದು ಸಲಕ್ಕೆ ಇಡುವ ಹೆಜ್ಜೆಯ ಉದ್ದ) ಕುಸಿದು ನ್ಯಾನ್ (ಸಂಖ್ಯೆಯೇ ಅಲ್ಲದ ಉತ್ತರ) ಬರುತ್ತೆ ಅಂದಿದ್ದೀರಿ.

ಗ್ರೇಡಿಯೆಂಟ್ (ಲಾಸ್, ಅಂದರೆ ತಪ್ಪಿನ ಅಳತೆ, ಯಾವ ಕಡೆ ಎಷ್ಟು ಏರುತ್ತೆ ಅನ್ನೋದು) ಪರೀಕ್ಷೆ ಪಾಸಾಗಿದೆ ಅಂದಮೇಲೆ ನನ್ನ ಅನುಮಾನ ಲೈನ್ ಸರ್ಚ್, ಅಂದರೆ ಸ್ಟೆಪ್ ಎಷ್ಟಿರಬೇಕು ಅಂತ ಹುಡುಕುವ ಭಾಗದ ಮೇಲೆ. ನೀವು ನೋಡುತ್ತಿರುವುದು ಆರ್ಮಿಹೊ ಶರತ್ತು ಮಾತ್ರ. ಲಾಸ್ ಸಾಕಷ್ಟು ಇಳಿಯಿತೇ ಅಂತ ಅದು ಹೇಳುತ್ತೆ, ಅಷ್ಟೇ. ತೂಕಗಳ ವ್ಯತ್ಯಾಸ ಎಸ್, ಗ್ರೇಡಿಯೆಂಟ್ ವ್ಯತ್ಯಾಸ ವೈ: ಇವೆರಡರ ಡಾಟ್ ಪ್ರಾಡಕ್ಟ್ (ಒಂದೊಂದೇ ಅಂಶ ಗುಣಿಸಿ ಕೂಡಿದ್ದು) ಸೊನ್ನೆಗಿಂತ ಹೆಚ್ಚಿರುತ್ತೆ ಅನ್ನೋ ಖಾತರಿ ಅದರಲ್ಲಿಲ್ಲ. ಋಣ ಬಂದ ಜೋಡಿ ಮೆಮೊರಿಗೆ ಸೇರಿದರೆ ದಿಕ್ಕೇ ಏರುಮುಖ ಆಗಬಹುದು. ಆಗ ಬ್ಯಾಕ್‌ಟ್ರ್ಯಾಕಿಂಗ್ ಸ್ಟೆಪ್ಪನ್ನು ಅರ್ಧ ಅರ್ಧ ಮಾಡುತ್ತಲೇ ಹೋಗುತ್ತೆ, ಎಸ್ ಮತ್ತು ವೈ ಎರಡೂ ಸೊನ್ನೆಯಾಗುತ್ತವೆ. ಎಲ್-ಬಿಎಫ್‌ಜಿಎಸ್ ಲೆಕ್ಕದಲ್ಲಿ ಇವುಗಳ ಡಾಟ್ ಪ್ರಾಡಕ್ಟಿನಿಂದ ಭಾಗಿಸಬೇಕು; ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ನ್ಯಾನ್ ತಾನೇ?

ಸ್ಟ್ರಾಂಗ್ ವುಲ್ಫ್ ಶರತ್ತು ಹಾಕಿ, ಅದು ಲಾಸ್ ಇಳಿಕೆಯ ಜೊತೆ ಇಳಿಜಾರು ಸಾಕಷ್ಟು ಕಡಿಮೆಯಾಯಿತೇ ಅಂತಲೂ ನೋಡುತ್ತೆ: ಇಳಿಕೆಯ ಮಿತಿ ಸಿ1 0.0001, ಇಳಿಜಾರಿನ ಮಿತಿ ಸಿ2 0.9. ಜೊತೆಗೆ ಡಾಟ್ ಪ್ರಾಡಕ್ಟ್ 10⁻¹⁰ ದಾಟದಿದ್ದರೆ ಆ ಜೋಡಿಯನ್ನು ಸೇರಿಸಲೇಬೇಡಿ. ಪೈಟಾರ್ಚ್ ಎಂಬ ನ್ಯೂರಲ್ ನೆಟ್ ಲೈಬ್ರರಿಯ ಎಲ್-ಬಿಎಫ್‌ಜಿಎಸ್ ಕೋಡ್‌ನಲ್ಲೂ ಇದೇ ಕಾವಲಿದೆ. ಮಿನಿ-ಬ್ಯಾಚ್ (ಸಲಕ್ಕೆ ಡೇಟಾದ ಒಂದು ಸಣ್ಣ ಭಾಗ) ಬಳಸುತ್ತಿದ್ದರೆ ವೈ ಲೆಕ್ಕದ ಎರಡೂ ಗ್ರೇಡಿಯೆಂಟ್ ಒಂದೇ ಬ್ಯಾಚಿನದ್ದಾಗಿರಬೇಕು, ಇಲ್ಲದಿದ್ದರೆ ವೈ ತುಂಬ ಬರೀ ಗದ್ದಲ.

ಇನ್ನೊಂದು, ಚದರಡಿ ಸಾವಿರದಲ್ಲಿ, ಬೆಡ್‌ರೂಮ್ ಎರಡು-ಮೂರರಲ್ಲಿ ಇರುವ ಡೇಟಾ ಅದು. ಮೊದಲು ಸ್ಕೇಲ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಮಟ್ಟದ ವ್ಯಾಪ್ತಿಗೆ ತನ್ನಿ.