ಸ್ಯಾಕ್ ಆದರೆ ಟ್ಯಾಕಲ್ ಒಬ್ಬನದೇ ತಪ್ಪೇ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಸ್ಯಾಕ್ ಆದಾಗಲೆಲ್ಲ, ಅಂದರೆ ಎಸೆಯುವ ಮೊದಲೇ ಎದುರಾಳಿ ಅವನನ್ನು ಕೆಡವಿದಾಗಲೆಲ್ಲ, ಅಭಿಮಾನಿಗಳು ಅವನ ಎಡಬದಿ ಕಾಯುವ ಲೆಫ್ಟ್ ಟ್ಯಾಕಲ್‌ನನ್ನೇ ಬೈಯುತ್ತಾರೆ. ಇದು ಸರಿಯೇ?

ಉತ್ತರ: ಎಷ್ಟೋ ಸಲ ಸರಿಯಲ್ಲ. ಮೊದಲು ಸಮಯ ನೋಡಿ. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಆದ ಮೇಲೆ 2.5 ಸೆಕೆಂಡ್ ತಡೆದು ನಿಂತರೆ ಟ್ಯಾಕಲ್ ತನ್ನ ಕೆಲಸ ಮುಗಿಸಿದಂತೆಯೇ. ಆಮೇಲೂ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲೇ ಇದ್ದರೆ ಟ್ಯಾಕಲ್‌ನನ್ನು ದೂರುವುದು ಅನ್ಯಾಯ. ಆಮೇಲೆ ಸಂಖ್ಯೆ ನೋಡಿ. ತಡೆಯಲು ಐವರಿದ್ದು ಆರು ಜನ ನುಗ್ಗಿದರೆ ಒಬ್ಬ ಸಲೀಸಾಗಿ ಬಂದೇ ಬರುತ್ತಾನೆ.

ನಿಜವಾದ ದೋಷ ತಿಳಿಯಬೇಕೆಂದರೆ ರೀಪ್ಲೇಯಲ್ಲಿ ಚೆಂಡನ್ನು ಬಿಟ್ಟು ಟ್ಯಾಕಲ್‌ನ ಕಾಲು, ಸೊಂಟ ಗಮನಿಸಿ. ಹಿಂದೆ ಸರಿಯುವಾಗ ಸೊಂಟವನ್ನು ಬೇಗನೆ ಹೊರಕ್ಕೆ ತಿರುಗಿಸಿದರೆ ಒಳದಾರಿ ತೆರೆದುಕೊಳ್ಳುತ್ತದೆ. ಮಂಡಿ ಬಗ್ಗಿಸದೆ ಬರೀ ಸೊಂಟ ಬಗ್ಗಿಸಿದರೆ ತಲೆ ಮುಂದಕ್ಕೆ ಬಾಗುತ್ತದೆ. ಎದುರಾಳಿ ತೋಳನ್ನು ಎಳೆದು ದಾಟಿಬಿಡುತ್ತಾನೆ. ಆಗ ಟ್ಯಾಕಲ್ ಅವನ ಜೆರ್ಸಿ ಹಿಡಿದರೆ ಹೋಲ್ಡಿಂಗ್ (ನಿಯಮ ಮೀರಿದ ಹಿಡಿತ), 10 ಯಾರ್ಡ್ ದಂಡ.