ಎಂಟನೆಯ ಕಾಲಂ

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಕುಳಿತವರೇ ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟರು. 'ಹೆಂಡತಿಯೇ ಕಳಿಸಿದ್ದು ಮೇಡಂ. ಕ್ಯಾನ್ಸರ್ ಬಂದಿರುವುದು ನನಗೆ, ಆಪ್ತಸಲಹೆ ಬೇಕಾಗಿರುವುದು ನಿಮಗೆ ಎಂದಳು' ಎಂದರು.

ಅವರಿಗೆ 52, ಆಕೆಗೆ 49. ದೊಡ್ಡ ಕರುಳಿನ ಕ್ಯಾನ್ಸರ್. ಗಡ್ಡೆ ತೆಗೆದಾಗ ಪಕ್ಕದ ದುಗ್ಧಗ್ರಂಥಿಗಳಿಗೂ ಹರಡಿದ್ದು ಗೊತ್ತಾಗಿ ಕೀಮೋ ಶುರುವಾಗಿತ್ತು. ಹದಿನಾಲ್ಕು ದಿನಕ್ಕೊಂದರಂತೆ 12 ಸುತ್ತು, ಅಂದರೆ ಸುಮಾರು ಆರು ತಿಂಗಳು. ಪ್ರತಿ ಸುತ್ತಿನಲ್ಲೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಔಷಧಿ, ಆಮೇಲೆ ಎದೆಯ ಪೋರ್ಟಿಗೆ (ಔಷಧಿ ರಕ್ತನಾಳಕ್ಕೆ ಹೋಗಲು ಚರ್ಮದಡಿ ಕೂರಿಸಿದ ಪುಟ್ಟ ದ್ವಾರ) ಜೋಡಿಸಿದ ಸಣ್ಣ ಪಂಪನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಮನೆಗೆ. ಅದು 46 ಗಂಟೆ ಹನಿಸುತ್ತಲೇ ಇರುತ್ತದೆ. ರಾತ್ರಿ ಆಗಾಗ ಗುರ್ ಎನ್ನುವ ಆ ಪಂಪಿನ ಸದ್ದನ್ನು ಅವರು ಎಚ್ಚರವಾಗಿ ಮಲಗಿ ಎಣಿಸುತ್ತಿದ್ದರಂತೆ. ಆಕೆ ನಿದ್ದೆ ಮಾಡುತ್ತಿದ್ದರೂ ಇವರಿಗೆ ನಿದ್ದೆಯಿಲ್ಲ.

ಐದು ಸುತ್ತು ಮುಗಿದಿತ್ತು. ಆರನೆಯದಕ್ಕೆ ಹೋದಾಗ ಬಿಳಿ ರಕ್ತಕಣ ಕಡಿಮೆಯಿದೆ ಎಂದು ಒಂದು ವಾರ ಮುಂದೂಡಿದರು. ಅವತ್ತು ಇವರು ನರ್ಸ್ ಜೊತೆ ಜಗಳವಾಡಿದರು. ಮನೆಗೆ ಬಂದ ಮೇಲೆ, ಆಕೆ ಅರ್ಧ ತಿಂದು ಸರಿಸಿದ ಬಟ್ಟಲನ್ನು ಸಿಂಕಿಗೆ ಎಸೆದರು. ಬಟ್ಟಲು ಎರಡು ಹೋಳಾಯಿತು.

'ಒಂದೇ ಒಂದು ಕ್ಷಣ ಅವಳ ಮೇಲೆ ದ್ವೇಷ ಬಂತು. ಇಷ್ಟೆಲ್ಲ ಮಾಡಿದರೂ ಕಣ ಏರಿಸಿಕೊಳ್ಳಲಿಲ್ಲವಲ್ಲ, ಬೇಕೆಂದೇ ಮಾಡಿದ ಹಾಗೆ.' ಇಷ್ಟು ಹೇಳಿ ನನ್ನ ಮುಖ ನೋಡಿದರು. ನಾನು ಬೆಚ್ಚಿಬೀಳುತ್ತೇನೆಯೇ ಎಂದು ನೋಡುತ್ತಿದ್ದರು ಅನಿಸುತ್ತದೆ. ನಾನು ಬೆಚ್ಚಲಿಲ್ಲ. ಆರೈಕೆ ಮಾಡುವವರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಕಣ ಇಳಿದದ್ದು, ಅವು ತಯಾರಾಗುವ ಮೂಳೆಮಜ್ಜೆಯನ್ನು ಔಷಧಿ ಹಿಂಡುವುದರಿಂದ. ಎರಡು ತುತ್ತು ಹೆಚ್ಚು ತಿಂದಿದ್ದರೆ ಏರುತ್ತಿತ್ತು ಎಂದೇನಿಲ್ಲ ಎಂದು ಹೇಳಿದೆ. ಸುತ್ತು ಮುಂದೂಡುವುದು ಅಪರೂಪವೂ ಅಲ್ಲ. ಅವರು ಮಾತ್ರ ಅದನ್ನು ತಮ್ಮ ಪರೀಕ್ಷೆಯ ಫಲಿತಾಂಶದಂತೆ ಓದಿಕೊಂಡಿದ್ದರು.

ನೋಟ್‌ಬುಕ್ಕಿನಲ್ಲಿ ಆಕೆಯ ಬಗ್ಗೆ ಏಳು ಕಾಲಂ: ದಿನ, ಜ್ವರ, ನೀರು, ಊಟ, ವಾಂತಿ, ನಿದ್ದೆ, ಮನಸ್ಥಿತಿ. ಸ್ಕೇಲ್ ಇಟ್ಟು ಎಳೆದ ಗೆರೆಗಳು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. 'ನಿಮ್ಮ ಮನಸ್ಸಿನಲ್ಲಿ ಏನಾಗುತ್ತಿದೆ ಎನ್ನುವುದನ್ನೂ ಸ್ವಲ್ಪ ಬರೆದುಕೊಳ್ಳಿ' ಎಂದೆ. ನಾವು ಸಲಹೆಗಾರರು ಯೋಚಿಸದೆಯೇ ಕೊಡುವ ಮನೆಗೆಲಸ ಅದು. ಮರುವಾರ ಬಂದಾಗ ಕೊನೆಯ ಪುಟಗಳಲ್ಲಿ ಹೊಸ ಕೋಷ್ಟಕ ಸಿದ್ಧವಾಗಿತ್ತು: 'ನನ್ನ ಸಿಟ್ಟು: ಹತ್ತಕ್ಕೆ ಆರು.' ಲೆಕ್ಕದಲ್ಲೇ ಮುಳುಗಿದ್ದವರ ಕೈಗೆ ಇನ್ನೊಂದು ಲೆಕ್ಕ ಕೊಟ್ಟು ಕಳಿಸಿದ್ದೆ. ಆ ಪುಟಗಳನ್ನು ಅಲ್ಲೇ ಹರಿದುಹಾಕಿಸಿದೆ.

ಆದರೆ ಮೊದಲ ಪುಟಗಳನ್ನು ತಿರುವುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮನಸ್ಥಿತಿಯ ಕಾಲಂನಲ್ಲಿ 'ಸಿಟ್ಟು' ಎಂದು ಬರೆದದ್ದು ಒಟ್ಟು ಹದಿನಾಲ್ಕು ಕಡೆ. ಅವುಗಳಲ್ಲಿ ಹನ್ನೊಂದು, ಪ್ರತಿ ಸುತ್ತಿನ ಎರಡರಿಂದ ಐದನೆಯ ದಿನದೊಳಗೇ. ವಾಂತಿ ತಡೆಯಲು ಕೀಮೋ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದು ರೂಢಿ. ಅದು ನಿದ್ದೆ ಕೆಡಿಸುತ್ತದೆ, ಮನುಷ್ಯನನ್ನು ಸಿಡುಕನನ್ನಾಗಿಸುತ್ತದೆ. ನಿಲ್ಲಿಸಿದ ಮೇಲೆ ಒಂದೆರಡು ದಿನ ಕೆಲವರು ಪೂರಾ ಕುಸಿದುಬಿಡುತ್ತಾರೆ. ಆಕೆ ಅದನ್ನು ರಾತ್ರಿ ತೆಗೆದುಕೊಳ್ಳುತ್ತಿದ್ದರು. ನೀವಾಗಿಯೇ ಏನನ್ನೂ ಬದಲಿಸಬೇಡಿ, ನಿಲ್ಲಿಸಲಂತೂ ಬೇಡಿ, ಹೊತ್ತಿನ ಬಗ್ಗೆ ವೈದ್ಯರನ್ನು ಕೇಳಿ ಎಂದೆ. ವೈದ್ಯರು ಬೆಳಿಗ್ಗೆಗೆ ಬದಲಿಸಿಕೊಟ್ಟರು.

ಗಂಡನ ಮುಖ ಅರಳಿತು. ಸಮಸ್ಯೆಗೆ ಹೆಸರು ಸಿಕ್ಕಿತ್ತಲ್ಲ. ನನಗೂ ಒಳಗೊಳಗೇ ಹೆಮ್ಮೆ.

ಮೂರನೆಯ ಭೇಟಿಗೆ ಆಕೆಯೂ ಬಂದರು, ಕತ್ತಿಗೆ ಶಾಲು ಸುತ್ತಿಕೊಂಡು, ಸಿಟ್ಟಿನಲ್ಲೇ. 'ನೀವು ಇವರಿಗೆ ಏನು ಹೇಳಿಕೊಟ್ಟಿರಿ? ನಾನು ಏನೇ ಅಂದರೂ, ಇದು ನೀನಲ್ಲ, ಮಾತ್ರೆ ಮಾತಾಡುತ್ತಿದೆ ಎನ್ನುತ್ತಾರೆ. ನನಗೆ ನಿಜವಾಗಿಯೂ ಸಿಟ್ಟು ಬಂದರೆ ಅದನ್ನು ಯಾರಿಗೆ ಹೇಳಲಿ?'

ನ್ಯಾಯವಾದ ಪ್ರಶ್ನೆ. ಔಷಧಿಯಿಂದ ಸಿಡುಕು ಬರುತ್ತದೆ ಎಂಬುದು ಗಂಡ ತನ್ನ ತಾಳ್ಮೆಗಾಗಿ ಇಟ್ಟುಕೊಳ್ಳಬೇಕಾದ ತಿಳಿವಳಿಕೆ, ಹೆಂಡತಿಯ ಬಾಯಿ ಮುಚ್ಚಿಸುವ ಬಿರಡೆಯಲ್ಲ. ಇದನ್ನು ಮೊದಲೇ ಹೇಳದೆ ಬಿಟ್ಟದ್ದು ನನ್ನ ಎರಡನೆಯ ತಪ್ಪು. ಅಷ್ಟೇ ಅಲ್ಲ, ಹದಿನಾಲ್ಕರಲ್ಲಿ ಉಳಿದ ಮೂರು ಸಿಟ್ಟುಗಳು ಯಾವ ಮಾತ್ರೆಯವೂ ಅಲ್ಲ.

ಅವು ಏಕೆ ಎಂದು ಕೇಳಿದೆ. ಆಕೆ ಮಾತಾಡತೊಡಗಿದರು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ 'ಜ್ವರ ನೋಡಿದೆಯಾ', ಲೋಟ ಕೆಳಗಿಟ್ಟರೆ 'ಎಷ್ಟಾಯಿತು', ಬಚ್ಚಲಿನಿಂದ ಬಂದರೆ ಬಾಗಿಲಲ್ಲೇ ನಿಂತು 'ಹೇಗಿತ್ತು'. ಆಮೇಲೆ ಸ್ವಲ್ಪ ತಡೆದು, 'ಇವರು ಕೈಗವಸಿಲ್ಲದೆ ನನ್ನನ್ನು ಮುಟ್ಟಿ ಎರಡು ತಿಂಗಳಾಯಿತು' ಎಂದರು.

ಅವರು ತಲೆ ತಗ್ಗಿಸಿದರು. ಕೀಮೋ ಆದ ಸುಮಾರು 48 ಗಂಟೆ ಮಲಮೂತ್ರ, ವಾಂತಿ, ಅವು ತಾಗಿದ ಬಟ್ಟೆ ಮುಟ್ಟುವಾಗ ಕೈಗವಸು ಹಾಕಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ನಿಜ. ಆದರೆ ಕೈ ಹಿಡಿದುಕೊಳ್ಳುವುದಕ್ಕೆ, ಪಕ್ಕದಲ್ಲಿ ಮಲಗುವುದಕ್ಕೆ ಅದೇನೂ ಬೇಕಿಲ್ಲ. ಅವರಿಗೂ ಅದು ಗೊತ್ತಿತ್ತು. ಕೈಗವಸಿನ ಹಿಂದೆ ಬೇರೆಯದೇ ಕಥೆಯಿತ್ತು. ಎರಡನೆಯ ಸುತ್ತಿನ ಮರುದಿನ ಪಾತ್ರೆ ತೊಳೆದು, ಒದ್ದೆ ಕೈಯಲ್ಲೇ ಹೋಗಿ ಆಕೆಯ ಕೆನ್ನೆ ಸವರಿದ್ದರಂತೆ. ಆಕೆ ಕಿರುಚಿ, ತಳ್ಳಿಬಿಟ್ಟಿದ್ದರು. ಅದಾದ ಮೇಲೆ ಅವರು ಬರಿಗೈಯಲ್ಲಿ ಮುಟ್ಟಲೇ ಇಲ್ಲ. ತನ್ನ ಸ್ಪರ್ಶ ಇವಳಿಗೆ ಬೇಡವಾಗಿದೆ ಎಂದುಕೊಂಡಿದ್ದರು.

'ಅಯ್ಯೋ, ಅದು ತಣ್ಣಗಿತ್ತು ಕಣ್ರೀ' ಎಂದರು ಆಕೆ. 'ಕರೆಂಟ್ ಹೊಡೆದ ಹಾಗಾಯಿತು. ಅಷ್ಟೇ.'

ಆಕೆಗೆ ಕೊಡುತ್ತಿದ್ದ ಆಕ್ಸಾಲಿಪ್ಲಾಟಿನ್ ಔಷಧಿಯ ಗುಣವೇ ಅದು. ಕೊಟ್ಟ ಕೆಲವು ದಿನ ತಣ್ಣನೆಯದು ಏನು ತಾಗಿದರೂ ಬೆರಳು, ತುಟಿ, ಗಂಟಲಿನಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಫ್ರಿಜ್ ಬಾಗಿಲು ತೆಗೆಯದಂತೆ ಆಕೆಯನ್ನು ಕಾಯುತ್ತಿದ್ದವರು ಇವರೇ. ತಮ್ಮ ಕೈಯೂ ತಣ್ಣಗಿರಬಹುದು ಎಂದು ಮಾತ್ರ ಹೊಳೆಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ನೀರು ತರುವ ನೆಪದಲ್ಲಿ ಎದ್ದುಹೋದೆ.

ಮರಳಿ ಬಂದಾಗ ಆಕೆ ಇನ್ನೊಂದು ವಿಷಯ ಹೇಳಿದರು. ಮೂರು ವಾರದಿಂದ ರವಿಕೆಯ ಗುಂಡಿ ಹಾಕಲು ಬೆರಳು ಒಗ್ಗುತ್ತಿಲ್ಲ, ಜೋಮು ಹಿಡಿದಂತಿದೆ, ಸುತ್ತುಗಳ ನಡುವೆಯೂ ಹೋಗುತ್ತಿಲ್ಲ. ಯಾರಿಗೂ ಹೇಳಿರಲಿಲ್ಲ. 'ಹೇಳಿದರೆ ಅದಕ್ಕೂ ಒಂದು ಕಾಲಂ ಆಗುತ್ತದೆ' ಎಂಬುದು ಕಾರಣ. ನಿಜವಾಗಿ ಬರೆದುಕೊಳ್ಳಬೇಕಾಗಿದ್ದ ಒಂದೇ ಒಂದು ಸಂಗತಿ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಸುತ್ತುಗಳ ನಡುವೆಯೂ ಉಳಿಯುವ ಜೋಮನ್ನು ವೈದ್ಯರಿಗೆ ತಿಳಿಸಲೇಬೇಕು. ಅದನ್ನು ನೋಡಿಯೇ ಅವರು ಔಷಧಿಯ ಪ್ರಮಾಣ ತಗ್ಗಿಸುವುದೋ ನಿಲ್ಲಿಸುವುದೋ ನಿರ್ಧರಿಸುತ್ತಾರೆ. ಮರುದಿನವೇ ಹೇಳಿದರು, ಪ್ರಮಾಣ ಕಡಿಮೆಯಾಯಿತು.

ಆಮೇಲೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಪೀಡಿಸಿ ಕೇಳುವ ಹಕ್ಕು ಗಂಡನಿಗೆ ಮೂರೇ ವಿಷಯದಲ್ಲಿ: ಜ್ವರ, ಪಂಪಿನಿಂದ ಸೋರಿಕೆ ಅಥವಾ ಎಲ್ಲಿಂದಾದರೂ ರಕ್ತ, ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು. ಜ್ವರದಲ್ಲಿ ಚೌಕಾಸಿಯೇ ಇಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಮೊದಲು ಜ್ವರದ ಮಾತ್ರೆ ನುಂಗಿ ನೋಡೋಣ ಎನ್ನಬಾರದು. ಬಿಳಿ ಕಣ ಇಳಿದಾಗ ಸೋಂಕು ಗಂಟೆಗಳಲ್ಲಿ ಉಲ್ಬಣಿಸಬಹುದು. ಉಳಿದದ್ದರಲ್ಲಿ ಆಕೆಯ ಮಾತೇ ಕೊನೆ. ಬಾಯಿ ಲೋಹದ ರುಚಿ ಎಂದರೆ ಪ್ಲಾಸ್ಟಿಕ್ ಚಮಚ ಕೊಡಿ. ಊಟ ಬೇಡ ಎಂದರೆ ತಟ್ಟೆ ಮುಚ್ಚಿಟ್ಟು ಹೋಗಿ. ತೂಕ ತೀರಾ ಇಳಿದರೆ ಅದನ್ನು ಗಮನಿಸಲು ವೈದ್ಯರಿದ್ದಾರೆ. ಕಾಯಿಲೆಯ ಮಾತು ಸಂಜೆ ಹದಿನೈದು ನಿಮಿಷ ಕುಳಿತು ಆಡಿ, ದಿನವಿಡೀ ಚಿಮುಕಿಸಬೇಡಿ. ನೋಟ್‌ಬುಕ್ ಇನ್ನು ಆಕೆಯದು.

ಅವರಿಗೆ ಬೇರೆಯಾಗಿ ಹೇಳಿದ್ದು: ಪಂಪ್ ಇರುವ ಎರಡು ರಾತ್ರಿಗಳಲ್ಲಿ ಒಂದನ್ನು ಆಕೆಯ ಅಕ್ಕನಿಗೆ ಬಿಟ್ಟುಕೊಟ್ಟು ಬೇರೆ ಕೋಣೆಯಲ್ಲಿ ಮಲಗಿ. ಇದಕ್ಕೆ ಅವರು ಜಗ್ಗಲಿಲ್ಲ. ಹೆಂಡತಿಯನ್ನು ಬಿಟ್ಟುಹೋದಂತೆ ಎಂದರು. ಬಟ್ಟಲು ಒಡೆದದ್ದು ಯಾವ ದಿನ ಎಂದು ಕೇಳಿದೆ. ಆಸ್ಪತ್ರೆಯ ಆತಂಕದಲ್ಲಿ ಎರಡು ರಾತ್ರಿ ಕಣ್ಣು ಮುಚ್ಚದೆ ಕಳೆದ ಮರುದಿನ. ಆಮೇಲೆ ಒಪ್ಪಿದರು. 'ಧೈರ್ಯವಾಗಿರಿ, ಸದಾ ನಗುತ್ತಿರಿ' ಎಂದು ನಾನು ಯಾರಿಗೂ ಹೇಳುವುದಿಲ್ಲ, ನಿದ್ದೆಗೆಟ್ಟವರಿಗಂತೂ ಹೇಳಲೇಬಾರದು.

ಎಲ್ಲವೂ ನೆಟ್ಟಗಾಯಿತು ಎಂದೇನಿಲ್ಲ. ಏಳನೆಯ ಸುತ್ತಿನಲ್ಲಿ ಊಟದ ವಿಷಯಕ್ಕೇ ಮತ್ತೆ ಜೋರು ಜಗಳವಾಗಿ ಒಂದು ದಿನ ಮಾತು ಬಿಟ್ಟಿದ್ದರು. ಬೆರಳಿನ ಜೋಮು ಇನ್ನೂ ಇದೆ. ಆದರೆ ಆಕೆಯ ಬಳಿ ಹೋಗುವ ಮುಂಚೆ ಅವರು ಅಂಗೈ ಉಜ್ಜಿಕೊಳ್ಳುತ್ತಾರೆ. ನನ್ನ ಕೋಣೆಯಲ್ಲೂ ಗೊತ್ತಿಲ್ಲದೆ ಹಾಗೆ ಮಾಡಿದ್ದನ್ನು ನೋಡಿದೆ.

ಒಂಬತ್ತನೆಯ ಸುತ್ತು ಮುಗಿಸಿ ಬಂದಾಗ ಆಕೆ ನೋಟ್‌ಬುಕ್ ತಂದಿದ್ದರು. ಏಳರಲ್ಲಿ ನಾಲ್ಕು ಕಾಲಂ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಅಂಚಿನಲ್ಲಿ ಸ್ಕೇಲ್ ಇಲ್ಲದೆ ಎಳೆದ ಎಂಟನೆಯದೊಂದು ಇತ್ತು: 'ಇವರು ಕೇಳಿದ ಪ್ರಶ್ನೆಗಳು.' ಮೊದಲ ದಿನ 19. ಆಮೇಲೆ 12, 14, 7. ಕೊನೆಯ ಸಾಲಿನಲ್ಲಿ 6. ಅದರ ಪಕ್ಕದಲ್ಲಿ ಗಂಡನ ಅಚ್ಚುಕಟ್ಟಾದ ಅಕ್ಷರ: 'ತಪ್ಪು. ಐದೇ.'