ಬ್ರಿಟನ್‌ನಲ್ಲಿ ಸರ್ಕಾರ ಬದಲಾದರೂ ಹಿರಿಯ ಅಧಿಕಾರಿಗಳು ಅದೇ ಕುರ್ಚಿಯಲ್ಲಿ ಹೇಗೆ ಉಳಿಯುತ್ತಾರೆ?

ಅವರಿಗೆ ಕೆಲಸ ಸಿಕ್ಕಿದ್ದು ಯಾವುದೋ ಪಕ್ಷದಿಂದಲ್ಲ, ಅದಕ್ಕೆ. ಶಿಫಾರಸು ಬೇಡ, ಪರೀಕ್ಷೆ ಮಾಡಿ ಅರ್ಹರನ್ನು ತಗೊಳ್ಳಿ ಎಂದು 1854ರ ನಾರ್ತ್‌ಕೋಟ್–ಟ್ರೆವೆಲಿಯನ್ ವರದಿ ಹೇಳಿತು. ಇಂದಿನ ವ್ಯವಸ್ಥೆಯ ಬೇರು ಅಲ್ಲಿದೆ.

ರಾಬಿನ್ ಬಟ್ಲರ್ ಅವರನ್ನೇ ನೋಡಿ. 1961ರಲ್ಲಿ ಹಣಕಾಸು ಇಲಾಖೆ ಸೇರಿದರು. ಮುಂದೆ ಪ್ರಧಾನಿ ಹೀತ್ ಅವರ ಕಚೇರಿಯಲ್ಲಿದ್ದರು. 1974ರಲ್ಲಿ ಎದುರು ಪಕ್ಷದ ವಿಲ್ಸನ್ ಬಂದಾಗಲೂ ಅಲ್ಲೇ ಉಳಿದರು. 1982ರಲ್ಲಿ ಹೀತ್ ಪಕ್ಷದವರೇ ಆದ ಪ್ರಧಾನಿ ಥ್ಯಾಚರ್ ಅವರ ಮುಖ್ಯ ಖಾಸಗಿ ಕಾರ್ಯದರ್ಶಿಯಾದರು. 1984ರ ಅಕ್ಟೋಬರ್ 12, ಬ್ರೈಟನ್‌ನ ಹೋಟೆಲು, ನಸುಕಿನ ಸುಮಾರು ಮೂರು ಗಂಟೆ. ಇನ್ನೊಂದೇ ಒಂದು ಕಾಗದ ನೋಡಿಬಿಡಿ ಎಂದು ಬಟ್ಲರ್ ಥ್ಯಾಚರ್ ಅವರಿಗೆ ಕೊಟ್ಟಿದ್ದರು. ಆಗಲೇ ಬಾಂಬ್ ಸಿಡಿಯಿತು. ಥ್ಯಾಚರ್ ಅವರ ಸ್ನಾನದ ಕೋಣೆ ಹಾಳಾಯಿತು, ಅವರು ಬದುಕಿಕೊಂಡರು. ಐದು ಜನ ಸತ್ತರು.

ಇಷ್ಟು ಹತ್ತಿರ ಇದ್ದವರನ್ನು ಎದುರು ಪಕ್ಷ ನಂಬುವುದು ಹೇಗೆ, ಅಲ್ವಾ? ಇಲ್ಲಿ ಒಂದು ಪದ್ಧತಿ ತುಂಬಾ ಮುಖ್ಯ. ಹಿಂದಿನ ಪಕ್ಷದ ಸರ್ಕಾರದ ಒಳಗಿನ ಕಾಗದಪತ್ರಗಳನ್ನು ಹೊಸ ಮಂತ್ರಿಗಳಿಗೆ ತೋರಿಸುವುದಿಲ್ಲ. ನಾಳೆ ತಮ್ಮ ಗುಟ್ಟೂ ಹಾಗೇ ಉಳಿಯುತ್ತದೆ ಎಂದು ಅವರಿಗೂ ಗೊತ್ತು. ನನಗೆ ಈ ಏರ್ಪಾಟು ನಿಜಕ್ಕೂ ದೊಡ್ಡದು ಅನಿಸುತ್ತದೆ.

1988ರಿಂದ 1998ರ ತನಕ ಬಟ್ಲರ್ ಸಂಪುಟ ಕಾರ್ಯದರ್ಶಿ, ಅಂದರೆ ಅಧಿಕಾರಿಗಳಲ್ಲೇ ಅತಿ ಹಿರಿಯರು. ಪ್ರಧಾನಿಗಳಾದ ಥ್ಯಾಚರ್, ಮೇಜರ್, ಆಮೇಲೆ ಎದುರು ಪಕ್ಷದ ಬ್ಲೇರ್, ಮೂವರಿಗೂ ಅವರೇ. ನಿವೃತ್ತಿಯ ನಂತರ, 2004ರಲ್ಲಿ, ಇರಾಕ್ ಯುದ್ಧದ ಗುಪ್ತಚರ ಮಾಹಿತಿ ಪರಿಶೀಲಿಸಿದ ಸಮಿತಿಗೆ ಅಧ್ಯಕ್ಷರಾದರು. ತಾವೇ ಕೆಲಸ ಮಾಡಿದ್ದ ಬ್ಲೇರ್ ಸರ್ಕಾರದ ತಪ್ಪುಗಳನ್ನು ಆ ವರದಿ ಎತ್ತಿ ತೋರಿಸಿತು.